ಹಸು ಬಿಟ್ಟು ಅಂಡಮಾನಿಗೆ ಆರು ದಿನ

ನಾವು ಅಂಡಮಾನಿಗೆ ಹೋಗಿದ್ದ ಫೋಟೋಗಳನ್ನ ಮಗ ಹಾಕಿದ ಮೇಲೆ ಡೈರಿ ಹತ್ರ, ಸಂತೇಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳ್ತಾ ಇದೀರಿ. ಸಮುದ್ರ ಹೆಂಗಿತ್ತು ಅಂತ ಒಬ್ಬರೂ ಕೇಳಲಿಲ್ಲ. "ಹಸು ಯಾರು ನೋಡ್ಕೊಂಡ್ರು?" ಇದೇ ಪ್ರಶ್ನೆ. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ. ಉದ್ದ ಆಗುತ್ತೆ, ಸಂಜೆ ಹಾಲು ಹಾಕಿ ಬಂದು ನಿಧಾನಕ್ಕೆ ಓದಿ.

ನಮ್ಮದು ಎರಡು ಎಕರೆ ತೆಂಗು, ಒಂದು ಎಕರೆ ರಾಗಿ ಹೊಲ, ಎರಡು ಸೀಮೆಹಸು. ಲಕ್ಷ್ಮಿ ದಿನಕ್ಕೆ ಹನ್ನೆರಡು ಲೀಟರ್, ಗೌರಿ ಹತ್ತು. ನಮ್ಮ ಮದುವೆ ಆಗಿ ಇಪ್ಪತ್ತೊಂಬತ್ತು ವರ್ಷ. ಇಷ್ಟು ವರ್ಷದಲ್ಲಿ ನಮ್ಮನೆಯವಳು ಎರಡು ರಾತ್ರಿಗಿಂತ ಹೆಚ್ಚು ಹೊರಗೆ ಮಲಗಿದ್ದು ಎರಡು ಬಾಣಂತನಕ್ಕೆ, ಒಂದು ಆಪರೇಷನ್ನಿಗೆ. ಇಬ್ಬರೂ ಒಟ್ಟಿಗೆ ಮನೆ ಬಿಟ್ಟು ಹೋಗಿದ್ದೇ ಇಲ್ಲ. ಮಗಳ ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ. ಧಾರೆ ಮುಗಿಸಿ ನೆಂಟರನ್ನ ಊಟಕ್ಕೆ ಕೂರಿಸಿ, ನಾಲ್ಕು ಗಂಟೆಗೆ ನಾನು ರೇಷ್ಮೆ ಪಂಚೇಲೇ ಬೈಕ್ ಹತ್ತಿ ಬಂದು ಹಾಲು ಕರೆದು ವಾಪಸ್ ಹೋದೆ. ನಿಮ್ಮಲ್ಲಿ ಬಹಳ ಜನಕ್ಕೆ ಇದು ಹೊಸದೇನಲ್ಲ.

ಮಗ ಬೆಂಗಳೂರಲ್ಲಿ ಕೆಲಸ. ನಮ್ಮನ್ನ ಕೇಳದೆ ನಾಲ್ಕು ಜನಕ್ಕೂ ಟಿಕೆಟ್ ಮಾಡಿಸಿದ್ದ. ರಾಗಿ ಒಕ್ಕಣೆ ಮುಗಿದು ಹುಲ್ಲು ಮೆದೆ ಹಾಕಿದ ಮೇಲೆ, ಫೆಬ್ರವರಿಯಲ್ಲಿ. ಹಸು ವಿಷಯ ಎತ್ತಿದ್ದಕ್ಕೆ, "ಮಾರಿಬಿಡಪ್ಪ, ಬಂದ ಮೇಲೆ ಬೇರೆ ತಂದ್ರಾಯ್ತು" ಅಂದ. ಅವನ ಲೆಕ್ಕದಲ್ಲಿ ಅದು ಮೊಬೈಲ್ ಬದಲಾಯಿಸಿದ ಹಾಗೆ. ಇವಳು, "ಹಂಗಾದ್ರೆ ನೀವು ಮೂರು ಜನ ಹೋಗ್ಬನ್ನಿ. ನಾನೂ ಹಸುಗಳೂ ಇಲ್ಲೇ ಇರ್ತೀವಿ" ಅಂದು ಒಳಗೆ ಹೋದಳು. ಎರಡು ದಿನ ಮನೇಲಿ ಮಾತಿಲ್ಲ.

ಪಕ್ಕದ ತೋಟದ ಗಂಡ ಹೆಂಡತಿ ಮೂರು ಹಸು ಕಟ್ಟಿದಾರೆ. ಅವನು ನನಗೆ ತಮ್ಮನ ಹಾಗೆ. ಹೋಗಿ ಕೇಳಿದೆ, ಆರು ದಿನದ ಹಾಲಲ್ಲಿ ಅರ್ಧ ನೀನೇ ತಗೋ ಅಂದೆ. ಅವನು ಸುಮ್ಮನಿದ್ದ. ಅವನ ಹೆಂಡತಿ ನಮ್ಮನೆಯವಳಿಗೆ ಹೇಳಿದಳು: "ದುಡ್ಡು ತಗೊಂಡ್ರೆ ನಾವು ಕೂಲಿಯೋರಾಗ್ತೀವಿ ಅಕ್ಕ. ಮುಯ್ಯಿಗೆ ಮಾಡ್ಕೊಡ್ತೀನಿ. ಆಗ ನಾನೂ ನಾಲ್ಕು ದಿನ ಎಲ್ಲಿಗಾದ್ರೂ ಹೋಗಿಬರಬಹುದು."

ಮುಯ್ಯಾಳು ಅನ್ನೋ ಮಾತು ಕೇಳಿ ಎಷ್ಟು ವರ್ಷ ಆಗಿತ್ತು! ನಾನು ಎಸ್ಸೆಸ್ಸೆಲ್ಸಿ ಪಾಸಾದ ಕಾಲಕ್ಕೆ ರಾಗಿ ಕಳೆ, ಕುಯ್ಲು, ಒಕ್ಕಣೆ ಎಲ್ಲ ಮುಯ್ಯಿಯಲ್ಲೇ ನಡೀತಿತ್ತು. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ಮಿಷನ್ ಬಂತು, ಬಾಡಿಗೆ ಬಂತು, ಮುಯ್ಯಿ ಹೋಯ್ತು. ಆದರೆ ಹಾಲು ಕರೆಯೋಕೆ ಮುಯ್ಯಿ ಯಾರೂ ಮಾಡಿದ್ದು ನಾನು ಕಂಡಿಲ್ಲ. ಹಸು ಕೈ ಬದಲಾದ್ರೆ ಹಾಲು ಇಳಿಸಲ್ಲ ಅನ್ನೋ ಭಯ. ಭಯ ಸುಳ್ಳಲ್ಲ, ಅದಕ್ಕೇ ಹನ್ನೆರಡು ದಿನ ಮುಂಚೆಯಿಂದ ತಯಾರಿ ಮಾಡಿದ್ವಿ.

ಮೊದಲ ನಾಲ್ಕು ದಿನ ಆ ಹೆಣ್ಣುಮಗಳು ಎರಡು ಹೊತ್ತೂ ಬಂದು ಹಿಂಡಿ ಬೂಸ ಇಟ್ಟು ಮೈ ಸವರಿ ನಿಂತಳು, ಅಷ್ಟೇ. ಆಮೇಲೆ ಲಕ್ಷ್ಮಿ ಕೆಚ್ಚಲಿಗೆ ಕೈ ಹಾಕಿದಳು. ಅದು ಸಾಧು, ತಕರಾರಿಲ್ಲ. ಗೌರಿ ಎರಡು ಸಲ ಬಕೆಟ್ ಒದ್ದು ಉರುಳಿಸಿತು. ಆಗ ನಮ್ಮನೆಯವಳು ತಾನು ಹಾಲು ಕರೆಯೋವಾಗ ಸುತ್ತಿಕೊಳ್ಳೋ ಹಳೇ ಸೀರೆಯನ್ನ ಒಗೆಯದೇ ಅವಳಿಗೆ ಕೊಟ್ಟಳು. ಮಾರನೇ ದಿನ ಗೌರಿ ಮೂಸಿ ನೋಡಿ ಸುಮ್ಮನೆ ನಿಂತಿತು. ಯಾವ ಹಸುಗೆ ಎಷ್ಟು ಹಿಂಡಿ, ಡಾಕ್ಟ್ರ ನಂಬರ್, ಗೌರಿ ಹಿಂದಿನ ಸಲ ಬೆದೆಗೆ ಬಂದ ತಾರೀಕು, ಎಲ್ಲ ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಹಾಲು ನಮ್ಮ ಪಾಸ್‌ಬುಕ್ಕಿಗೇ ಹಾಕೋದು, ಮೇವು ನಮ್ಮದೇ. ಅವ್ವನ ಜೊತೆ ಇರೋಕೆ ತಂಗಿ ಬಂದಳು.

ಇನ್ನು ಅಂಡಮಾನ್. ಬೆಂಗಳೂರಿಂದ ವಿಮಾನದಲ್ಲಿ ಎರಡೂವರೆ ಗಂಟೆ. ಪೋರ್ಟ್ ಬ್ಲೇರ್ ಹೆಸರು 2024ರಿಂದ ಶ್ರೀ ವಿಜಯಪುರಂ, ಆದರೆ ಜನರ ಬಾಯಲ್ಲಿ ಇನ್ನೂ ಹಳೇದೇ. ನಮ್ಮ ಕಡೆ ವರ್ಷಕ್ಕೆ 700 ಮಿ.ಮೀ. ಮಳೆ ಬಂದ್ರೆ ಪುಣ್ಯ, ಅಲ್ಲಿ ಎರಡೂ ಮಾನ್ಸೂನ್ ಸೇರಿ ಸುಮಾರು 3000 ಮಿ.ಮೀ. ಡ್ರಿಪ್ ಇಲ್ಲ, ಬೋರ್‌ವೆಲ್ ಚಿಂತೆ ಇಲ್ಲ, ತೆಂಗು ತನ್ನ ಪಾಡಿಗೆ ತಾನು ನಿಂತಿದೆ, ಅದರ ಕೆಳಗೆ ಅಡಿಕೆ. ಅಲ್ಲಿನ ಎತ್ತರದ ತಳಿಯನ್ನೇ ಆಯ್ದು ತಮಿಳುನಾಡಿನ ವೇಪ್ಪಂಕುಳಂ ಕೇಂದ್ರದವರು ವಿಪಿಎಂ-3 ಅಂತ ಬಿಟ್ಟಿರೋದು. ನಮ್ಮ ತಿಪಟೂರು ಟಾಲ್ ಮುಂದೆ ಹೆಂಗೆ ಅಂತ ಕೇಳಬೇಡಿ, ನಾನು ನೋಡಿದ್ದು ಮರ, ಕೊಬ್ಬರಿ ಅಲ್ಲ.

ಸೆಲ್ಯುಲಾರ್ ಜೈಲು ನೋಡಿದ್ವಿ. 1896ರಲ್ಲಿ ಶುರು ಮಾಡಿ 1906ಕ್ಕೆ ಕಟ್ಟಿ ಮುಗಿಸಿದ್ದು. ಏಳು ಸಾಲು ಇದ್ದದ್ದರಲ್ಲಿ ಈಗ ಮೂರು ಉಳಿದಿವೆ. ಉಳಿದವರೆಲ್ಲ ಕೋಣೆಗಳ ಮುಂದೆ ಫೋಟೋ ತೆಗೀತಿದ್ರು, ನನಗೆ ಗಾಣದ ಹತ್ರದಿಂದ ಕಾಲು ಕೀಳೋಕೆ ಆಗಲಿಲ್ಲ. ಎತ್ತಿನ ಬದಲು ಕೈದಿಗಳು ಗಾಣ ತಿರುಗಿಸಬೇಕಿತ್ತು. ದಿನಕ್ಕೆ 30 ಪೌಂಡ್ ತೆಂಗಿನೆಣ್ಣೆ, ಅಂದ್ರೆ ಹದಿಮೂರೂವರೆ ಕೆಜಿ. ಕೆಜಿ ಕೊಬ್ಬರಿಗೆ ಆರುನೂರು ಗ್ರಾಂ ಎಣ್ಣೆ ಅಂತ ಹಿಡೀರಿ, ಇಪ್ಪತ್ತೆರಡು ಕೆಜಿ ಮೇಲೆ ಕೊಬ್ಬರಿ ಒಬ್ಬ ಮನುಷ್ಯ ಅರೀಬೇಕು. ಆಗದಿದ್ರೆ ಶಿಕ್ಷೆ. ಇನ್ನು ಕೆಲವರಿಗೆ ಮಟ್ಟೆ ಕುಟ್ಟಿ ನಾರು ತೆಗೆಯೋ ಕೆಲಸ. ಸಾವರ್ಕರ್, ಬರೀಂದ್ರ ಘೋಷ್ ಇವನ್ನೆಲ್ಲ ಬರೆದಿಟ್ಟಿದಾರೆ. ಮಟ್ಟೆ ಸುಲಿದು, ನಾರು ಕೈಗೆ ಚುಚ್ಚಿಸಿಕೊಂಡವನಿಗೆ ಅದು ಏನು ಅಂತ ಓದದೇ ಗೊತ್ತಾಗುತ್ತೆ. ಸೊಸೆ "ಹೋಗೋಣ ಮಾವ" ಅಂತ ಎರಡು ಸಲ ಕರೆದಳು.

ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್. ಈಗ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರು. ಅಲ್ಲಿ ಐದೂವರೆಗೆಲ್ಲ ಬೆಳಕಾಗುತ್ತೆ. ಇವಳಿಗೆ ನಾಲ್ಕೂವರೆಗೇ ಎಚ್ಚರ. ಎದ್ದು ಏನು ಮಾಡೋದು ಗೊತ್ತಾಗದೆ, ಮಂಚದ ಮೇಲೆ ಕೈ ಕಟ್ಟಿ ಕೂತಿದ್ದಳು. ಮೂರನೇ ದಿನ ಮಾತ್ರ ಏಳು ಗಂಟೆವರೆಗೆ ಮಲಗಿದಳು. ನಾನು ಎಬ್ಬಿಸಲಿಲ್ಲ.

ಅವತ್ತು ಸಂಜೆ ರಾಧಾನಗರ ಬೀಚು. ಮರಳು ರಾಗಿ ಹಿಟ್ಟಿಗಿಂತ ನುಣುಪು, ನೀರು ತಿಳಿ ಹಸಿರು. ಸೀರೆ ಮೊಣಕಾಲಿಗೆ ಎತ್ತಿ ಹಿಡಿದು ಇವಳು ನಿಂತಿದಾಳೆ, ಮಗ ವಿಡಿಯೋ ಮಾಡ್ತಿದಾನೆ, ಅಷ್ಟರಲ್ಲಿ ಊರಿಂದ ಫೋನ್. ನೆಟ್‌ವರ್ಕ್ ಸರಿ ಇಲ್ಲ, ಮೇಲೆ ಮರದ ಹತ್ರ ಓಡಿದ್ವಿ. "ಅಕ್ಕ, ಗೌರಿ ಬೆಳಗ್ಗೆಯಿಂದ ಅರಚ್ತಾ ಇತ್ತು, ಲೋಳೆ ಬಿತ್ತು. ನಿಮಗೆ ಫೋನ್ ಸಿಗಲಿಲ್ಲ. ಗೋಡೆ ಮೇಲಿನ ತಾರೀಕು ನೋಡಿ ಈಗ ಸಂಜೆ ಡಾಕ್ಟ್ರನ್ನ ಕರೆಸಿ ಇಂಜೆಕ್ಷನ್ ಕೊಡಿಸಿದೆ." ಬೆಳಗ್ಗೆ ಬೆದೆ ಕಂಡ್ರೆ ಸಂಜೆ, ಸಂಜೆ ಕಂಡ್ರೆ ಮಾರನೇ ಬೆಳಗ್ಗೆ. ಅವಳು ಮಾಡಿದ್ದು ಸರಿಯಾಗಿತ್ತು. ತಪ್ಪಿದ್ರೆ ಇಪ್ಪತ್ತೊಂದು ದಿನ ಕಾಯಬೇಕಿತ್ತು. ಇವಳು ಫೋನ್ ಇಟ್ಟು ಹೋಗಿ ನೀರಲ್ಲಿ ಕೂತೇಬಿಟ್ಟಳು, ಸೀರೆ ಸಮೇತ. ಆ ಫೋಟೋನೇ ನೀವೆಲ್ಲ ನೋಡಿ ನಕ್ಕಿದ್ದು.

ಮಾರನೇ ದಿನ ನೀಲ್ ದ್ವೀಪ, ಈಗಿನ ಶಹೀದ್ ದ್ವೀಪ. ಅಲ್ಲೆಲ್ಲ ತರಕಾರಿ ಬೇಸಾಯ. ದೇಶ ವಿಭಜನೆ ಆದ ಮೇಲೆ ಪೂರ್ವ ಬಂಗಾಳದಿಂದ ಬಂದವರಿಗೆ ಸರ್ಕಾರ ಈ ದ್ವೀಪಗಳಲ್ಲಿ ಭೂಮಿ ಕೊಟ್ಟು ನೆಲೆ ನಿಲ್ಲಿಸಿತು, ಅವರ ಮಕ್ಕಳು ಮೊಮ್ಮಕ್ಕಳು ಬೆಳೀತಿರೋದು. ರಸ್ತೆ ಪಕ್ಕ ಒಬ್ಬ ರೈತ ಬದನೆ ಕೀಳ್ತಿದ್ದ, ಮನೆ ಹಿಂದೆ ಹಸು ಕಟ್ಟಿತ್ತು. ಇವಳು ಸೊಸೆ ಕೈಲಿ ಹಿಂದಿಯಲ್ಲಿ ಕೇಳಿಸಿದಳು, ನೀವು ಊರಿಗೆ ಗೀರಿಗೆ ಹೋದ್ರೆ ಹಾಲು ಯಾರು ಕರೀತಾರೆ ಅಂತ. ಆತ ನಕ್ಕು, ನಾವೆಲ್ಲಿಗೂ ಹೋಗಲ್ಲ, ನೀವೇ ಇಲ್ಲಿಗೆ ಬರ್ತೀರಲ್ಲ ಅಂದ. 1246ರ ನಮ್ಮ ಲಕ್ಷ್ಮೀನರಸಿಂಹಸ್ವಾಮಿ ಗುಡಿ ನೋಡೋಕೆ ಬರೋ ಪರಊರಿನವರಿಗೆ ನಾವು ಹೇಳೋದೂ ಇಷ್ಟೇ ಅನ್ನಿಸ್ತು.

ವಾಪಸ್ ಬಂದು ಡೈರಿ ಚೀಟಿ ನೋಡಿದೆ. ಇಪ್ಪತ್ತೆರಡು ಲೀಟರ್ ಇದ್ದದ್ದು ಮೊದಲ ದಿನ ಹದಿನೆಂಟೂವರೆ, ಎರಡನೇ ದಿನ ಹತ್ತೊಂಬತ್ತು, ಮೂರನೇ ದಿನ ಇಪ್ಪತ್ತೊಂದು, ಆಮೇಲೆ ಪೂರ್ತಿ. ಒಟ್ಟು ನಷ್ಟ ಏಳೂವರೆ ಲೀಟರ್. ಪ್ರವಾಸದ ಖರ್ಚು ಮಗನದ್ದು. ಇಬ್ಬರ ಪಾಲಿಗೆ ಒಂದು ಒಳ್ಳೆ ಹಸುವಿನ ಬೆಲೆ ಆಗಿದೆ, ಅವನು ಹೇಳಲಿಲ್ಲ, ನಾನೇ ಅಂದಾಜು ಮಾಡಿದ್ದು.

ಈಗ ನಮ್ಮ ಸರದಿ. ಸ್ಕೂಲ್ ರಜೆ ಬಂದ ತಕ್ಷಣ ಅವರು ಮಕ್ಕಳನ್ನ ಕರ್ಕೊಂಡು ಧರ್ಮಸ್ಥಳ, ಉಡುಪಿ, ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ, ಕಂಬ ನಿಲ್ಲಿಸಿದ ಹಾಗೆ ಕಲ್ಲಿರೋದು. ಮಳೆಗಾಲದಲ್ಲಿ ದೋಣಿ ಬಿಡಲ್ಲ, ಹೋಗೋರು ಅದಕ್ಕೆ ಮುಂಚೆ ಹೋಗಿ. ಆ ನಾಲ್ಕು ದಿನ ನಮಗೆ ಐದು ಹಸು. ಇವಳು ಒಂದು ವಾರದಿಂದ ಎರಡು ಹೊತ್ತೂ ಅವರ ಕೊಟ್ಟಿಗೆಗೆ ಹೋಗ್ತಾ ಇದಾಳೆ. ಕೆಂದ ಹಸು, ಕರು ಹಾಕಿದ ಚುಕ್ಕಿ ಹಸು ಎರಡೂ ಒಗ್ಗಿವೆ. ಕರಿ ಹಸು ಇನ್ನೂ ಹಾಲು ಇಳಿಸ್ತಿಲ್ಲ. ನಿನ್ನೆ ಅವಳ ಹಳೇ ಸೀರೆ ಇಸ್ಕೊಂಡು ಬಂದು ಹಗ್ಗದ ಮೇಲೆ ಹಾಕಿದಾಳೆ, ಒಗೀಬೇಡಿ ಅಂತ ಮನೇಲೆಲ್ಲರಿಗೂ ಹೇಳಿದಾಳೆ.