ಅಘನಾಶಿನಿಯ ದಡದಲ್ಲಿ ಒಂದು ಗುಟುಕು ನೀರು

ಅರವತ್ತಾರು ವರ್ಷದ ಮನುಷ್ಯನೊಬ್ಬ ಸೈಕಲ್ಲನ್ನೇರಿ ಕಡಲತೀರದ ಊರುಗಳನ್ನು ಸುತ್ತಿ ಬಂದನೆಂದರೆ ಕೇಳಿದವರು ನಗುವುದು ಸಹಜ. ನಮ್ಮ ಮನೆಯಲ್ಲಿಯೂ ಮೊದಲು ನಕ್ಕರು. ನಗುವಿಗೆ ನಾವು ಬಗ್ಗದೆ ಹೋದಾಗ ಸಿಟ್ಟಾದರು. “ಗಿರಿನಗರದಿಂದ ಗಾಂಧಿಬಜಾರಿಗೆ ಹೋಗಿಬರುವುದಕ್ಕೇ ಆಟೋ ಕರೆಸುವವರು ನೀವು, ಕುಮಟಾದ ಬಿಸಿಲಿನಲ್ಲಿ ಸೈಕಲ್ ತುಳಿಯುತ್ತೀರಾ?” ಎಂದು ನಮ್ಮ ಮನೆಯವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದುದು ಹದಿನೇಳು ತುಂಬಿದ ಮೊಮ್ಮಗನಲ್ಲಿ. “ತಾತನ ಜೊತೆ ನಾನಿರ್ತೀನಲ್ಲ ಅಜ್ಜಿ” ಎಂದ. ಅಲ್ಲಿಗೆ ವಾದ ಮುಗಿಯಿತು.

ಸೈಕಲ್ಲಿನೊಂದಿಗೆ ನಮ್ಮ ನಂಟು ಹಳೆಯದು. ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಅಕ್ಷರ ಕಲಿತವರು ನಾವು. ಸುಗ್ಗಿ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆ ಧಾನ್ಯ ತರಲು ಗಾಡಿ ಹೊರಡುತ್ತಿತ್ತು. ಗಾಡಿಗಿಂತ ಮುಂದಾಗಿ ಹೋಗಿ ಊರವರಿಗೆ ಸುದ್ದಿ ಮುಟ್ಟಿಸುವ ಕೆಲಸ ಹುಡುಗರದು. ಅದಕ್ಕಾಗಿ ಮಠದಲ್ಲಿ ಒಂದು ಕರಿಯ ಸೈಕಲ್ಲಿತ್ತು. ಸೀಟಿನ ಮೇಲೆ ಕುಳಿತರೆ ಕಾಲು ಎಟುಕದ ವಯಸ್ಸು. ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತ ಹೋಗುತ್ತಿದ್ದೆವು. ಊರು ಸೇರುವ ಹೊತ್ತಿಗೆ ಗಂಟಲು ಒಣಗಿರುತ್ತಿತ್ತು. ಕಣ್ಣಿಗೆ ಬಿದ್ದ ಮೊದಲ ಮನೆಯ ಮುಂದೆ ನಿಂತು “ಅವ್ವಾ, ನೀರು” ಎಂದರೆ ಚೊಂಬಿನ ಜೊತೆಗೆ ಬೆಲ್ಲದ ಚೂರೂ ಬರುತ್ತಿತ್ತು. ಅದು ಯಾರ ಮನೆ, ಎಂಥ ಮನೆ ಎಂದು ನಾವು ವಿಚಾರಿಸಿದ್ದಿಲ್ಲ. ಬಾಯಾರಿಕೆ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ.

ಆಮೇಲೆ ಅಧ್ಯಾಪಕರಾದೆವು, ಪ್ರವಚನಕ್ಕೆ ಕರೆಸಿಕೊಳ್ಳುವವರಾದೆವು. ಕಾರು ಮನೆಯ ಬಾಗಿಲಿಗೆ ಬರತೊಡಗಿತು. ಹೋದಲ್ಲಿ ಹಾರ, ಬಂದಲ್ಲಿ ಹಣ್ಣಿನ ಬುಟ್ಟಿ, ನಡುವೆ ಕಾಯಿಸಿ ಆರಿಸಿದ ನೀರು. ನಲವತ್ತು ವರ್ಷ ನಾವು ನೀಡುವ ಧರ್ಮವನ್ನು ಕುರಿತು ಮಾತನಾಡಿದೆವು. ಬೇಡಿ ಪಡೆಯುವುದು ಹೇಗೆಂಬುದು ಮಾತ್ರ ಸದ್ದಿಲ್ಲದೆ ಮರೆತುಹೋಗಿತ್ತು. ಮರೆತಿದ್ದೇವೆಂಬುದೂ ನಮಗೆ ತಿಳಿದಿರಲಿಲ್ಲ.

ಮೂರು ತಿಂಗಳು ಅಭ್ಯಾಸ ನಡೆಯಿತು. ನಮ್ಮ ಬಡಾವಣೆಯ ಹೆಸರಿನಲ್ಲಿಯೇ ಗಿರಿಯಿದೆ. ಅದರ ಏರುತಗ್ಗುಗಳನ್ನು ಇಷ್ಟು ವರ್ಷ ವಾಹನದ ಎಂಜಿನ್ನು ಬಲ್ಲದಾಗಿತ್ತೇ ಹೊರತು ನಮ್ಮ ಮೊಣಕಾಲು ಬಲ್ಲದಾಗಿರಲಿಲ್ಲ. ಬೆಳಗಿನ ಜಾವ ಹೊಸಕೆರೆಹಳ್ಳಿಯ ಕಡೆಗೆ, ಆಮೇಲೆ ಬನಶಂಕರಿ ಆರನೆಯ ಹಂತದಾಚೆ ತುರಹಳ್ಳಿ ಕಾಡಿನವರೆಗೆ ಹೋಗಿಬಂದೆವು. ವೈದ್ಯರು ರಕ್ತದೊತ್ತಡ ನೋಡಿ, “ಸ್ಪರ್ಧೆಗಿಳಿಯಬೇಡಿ, ಅಷ್ಟೆ” ಎಂದರು. ಶಿವರಾತ್ರಿ ಕಳೆದ ಮುಂದಿನ ವಾರ ಎರಡು ಸೈಕಲ್ಲುಗಳನ್ನು ರೈಲಿನ ಬ್ರೇಕ್ ವ್ಯಾನಿಗೆ ಹಾಕಿಸಿ, ರಾತ್ರಿ ಬೆಂಗಳೂರು ಬಿಟ್ಟು, ಮರುದಿನ ಬೆಳಿಗ್ಗೆ ಗೋಕರ್ಣ ರಸ್ತೆ ನಿಲ್ದಾಣದಲ್ಲಿಳಿದೆವು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಈ ಸೀಮೆ ನಮ್ಮಂಥವರಿಗೆ ಹತ್ತಿರವಾಗಿದೆ.

ಉತ್ತರ ಕನ್ನಡ ಜಿಲ್ಲೆಯಲ್ಲಿ ಕಡಲಿಗೆ ತಾಗಿದ ತಾಲ್ಲೂಕುಗಳು ಐದು: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಘಟ್ಟದಿಂದಿಳಿದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಈ ನೆಲವನ್ನು ಅಡ್ಡಡ್ಡಲಾಗಿ ಸೀಳಿಕೊಂಡು ಸಮುದ್ರ ಸೇರುತ್ತವೆ. ಬಸ್ಸಿನ ಕಿಟಕಿಯಲ್ಲಿ ಕುಳಿತವನಿಗೆ ನದಿಯೆಂದರೆ ಒಂದು ಸೇತುವೆಯಷ್ಟೆ. ಸೈಕಲ್ಲಿನವನಿಗೆ ಅದು ಅರ್ಧ ದಿನದ ಕೆಲಸ. ದಡದವರೆಗೆ ತುಳಿಯಬೇಕು, ದೋಣಿಗಾಗಿ ಕಾಯಬೇಕು, ಕಾಯುವಾಗ ಪಕ್ಕದವರೊಡನೆ ಮಾತನಾಡಬೇಕು. ನಾಲ್ಕು ಪಥದ ಹೆದ್ದಾರಿ 66ನ್ನು ಆದಷ್ಟು ಬಿಟ್ಟು ಒಳದಾರಿ ಹಿಡಿದದ್ದರಿಂದ ನಮಗೆ ಈ ಭಾಗ್ಯ ದೊರೆಯಿತು.

ಮೊದಲ ದಿನ ಸಾಣಿಕಟ್ಟಾದ ಉಪ್ಪಿನ ಆಗರಗಳ ಬಳಿ ನಿಂತೆವು. ಭರತದ ನೀರನ್ನು ಮಟ್ಟಸವಾದ ಪಾತಿಗಳಿಗೆ ಬಿಟ್ಟು, ಬಿಸಿಲಿಗೆ ಗಟ್ಟಿಯಾದಂತೆ ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸಿ, ಕೊನೆಗೆ ಹರಳುಗಟ್ಟಿದ ಉಪ್ಪನ್ನು ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ರಾಶಿ ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಬಂದ ಆಳುಗಳು ಹೊತ್ತೇರುವ ಮುನ್ನ ಕೆಲಸ ಮುಗಿಸುತ್ತಿದ್ದರು. ಗಂಗಾವಳಿಯಾಚೆಯ ಅಂಕೋಲೆ 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಕೇಂದ್ರವಾಗಿತ್ತು. ಆ ಚರಿತ್ರೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಉಪ್ಪು ಮಾಡುವವರ ಪಾದಗಳು ಹೇಗೆ ಬಿರಿದಿರುತ್ತವೆಂಬುದನ್ನು ಕಂಡದ್ದು ಅಂದೇ ಮೊದಲು.

ಎರಡನೆಯ ದಿನ ಬೆಳಿಗ್ಗೆ ಗೋಕರ್ಣದಲ್ಲಿ ಪೂಜೆ ಪೂರೈಸಿ ತದಡಿಗೆ ಬಂದೆವು. ಅಲ್ಲಿಂದ ಎದುರು ದಡದ ಅಘನಾಶಿನಿ ಗ್ರಾಮಕ್ಕೆ ದೋಣಿ. ಬುಟ್ಟಿ ಹೊತ್ತ ಹೆಂಗಸರು, ಶಾಲೆಯ ಮಕ್ಕಳು, ಎರಡು ಬೈಕುಗಳು, ನಮ್ಮ ಸೈಕಲ್ಲುಗಳು ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಮೊಮ್ಮಗನಿಗೆ ಪಾಠ ಹೇಳುವ ನಮ್ಮ ಹಳೆಯ ಚಟ ಅಲ್ಲಿಯೂ ಬಿಡಲಿಲ್ಲ. ಶಿರಸಿಯ ಸೀಮೆಯಲ್ಲಿ ಹುಟ್ಟುವ ಈ ನದಿಗೆ ಅಣೆಕಟ್ಟಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಕಟ್ಟೆ ಬಿತ್ತು, ಇದು ಮಾತ್ರ ತನ್ನಿಚ್ಛೆಯಂತೆ ಹರಿಯುತ್ತದೆ. ನದೀಮುಖದ ಸುಮಾರು 4,800 ಹೆಕ್ಟೇರು ಪ್ರದೇಶಕ್ಕೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ಬಂತು. ಮಾಣಿಕಟ್ಟಾ ಮೊದಲಾದ ಊರುಗಳ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ‘ಕಗ್ಗ’ವೆಂಬ ಭತ್ತವಿದೆ, ಮಳೆಗಾಲದಲ್ಲಿ ಭತ್ತ, ಕೊಯ್ಲಿನ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇಷ್ಟೆಲ್ಲ ಹೇಳಿ ಕಡೆಗೆ, “ಅಘವೆಂದರೆ ಪಾಪ. ಪಾಪವನ್ನು ನಾಶಮಾಡುವವಳೇ ಅಘನಾಶಿನಿ” ಎಂದು ಪದವನ್ನು ಬಿಡಿಸಿಯೂ ತೋರಿಸಿದೆವು. ಇಳಿತದ ನೀರಿನಲ್ಲಿ ಸೊಂಟದವರೆಗೆ ನಿಂತು ಬೆಳಚು ಹೆಕ್ಕುತ್ತಿದ್ದ ಹೆಂಗಸರನ್ನು ನೋಡುತ್ತ ಹುಡುಗ ಸುಮ್ಮನೆ ತಲೆಯಾಡಿಸಿದ.

ದಡ ಸೇರಿ ಕುಮಟಾದ ದಾರಿ ಹಿಡಿದಾಗ ಹನ್ನೊಂದು ಮೀರಿತ್ತು. ದಾರಿಯಲ್ಲಿ ಕಾಣುವುದು ತೆಂಗು, ಗೇರು, ಕೆಂಪು ಕಲ್ಲಿನ ಏರು. ಘಟ್ಟದ ಕೆಳಗಿನ ಸೆಕೆಯ ಬಗೆ ಬಯಲುಸೀಮೆಯವರಿಗೆ ತಿಳಿಯದು. ಬೆವರು ಆರುವುದಿಲ್ಲ, ಸುರಿಯುತ್ತಲೇ ಇರುತ್ತದೆ. ನಮ್ಮ ಬಾಟಲಿಯ ನೀರು ತೀರಿ ಬಹಳ ಹೊತ್ತಾಗಿತ್ತು. ಒಂದು ಏರಿನ ನಡುವೆ ಕಣ್ಣು ಕತ್ತಲೆಗಟ್ಟಿತು. ಸೈಕಲ್ಲು ಒಂದು ಕಡೆಗೆ, ನಾವೊಂದು ಕಡೆಗೆ ವಾಲಿದೆವು. ಮೊಣಕೈ ತರಚಿತು. ಮೊಮ್ಮಗ “ತಾತಾ!” ಎಂದು ಕೂಗಿದ್ದು ಎಲ್ಲೋ ದೂರದಿಂದ ಕೇಳಿಸಿತು.

ದಾರಿಬದಿಯ ಮನೆಯಿಂದ ಒಬ್ಬ ಹೆಂಗಸು ಓಡಿಬಂದಳು. “ಎಂತಾತು ಒಡೆಯಾ? ನೆಳಲಿಗೆ ಬನ್ನಿ, ನೆಳಲಿಗೆ ಬನ್ನಿ” ಎಂದು ಹುಡುಗನೊಡನೆ ಸೇರಿ ನಮ್ಮನ್ನು ಜಗುಲಿಯ ಮೇಲೆ ಕೂರಿಸಿದಳು. ಮೀನುಗಾರರ ಮನೆ. ಅಂಗಳದಲ್ಲಿ ಬಲೆಯ ಮೇಲೆ ಮೀನು ಒಣಗುತ್ತಿತ್ತು. ಆಕೆ ಮೀನು ಕೊಯ್ಯುತ್ತಿದ್ದವಳು ಎದ್ದು ಬಂದಿದ್ದಳು. ಕೈಯನ್ನು ಸೆರಗಿಗೊರೆಸಿಕೊಂಡು, ಒಳಗಿನಿಂದ ಒಂದು ಚೊಂಬು ನೀರು ತಂದು ಮುಂದೆ ಹಿಡಿದಳು.

ಇಲ್ಲಿ ನಡೆದದ್ದನ್ನು ಬಚ್ಚಿಟ್ಟರೆ ಈ ಲೇಖನ ಬರೆಯಬೇಕಾದ ಕಾರಣವೇ ಇಲ್ಲ. ನಮ್ಮ ಕೈ ಮುಂದೆ ಹೋಗಲಿಲ್ಲ. ಮೀನಿನ ವಾಸನೆ ಮೂಗಿಗಿತ್ತು, ಆ ಕೈಯ ಮೇಲೆ ಕಣ್ಣಿತ್ತು. ಪ್ರಾಣ ನೀರಿಗಾಗಿ ಬಾಯಿ ಬಿಡುತ್ತಿದ್ದರೂ ಕೈ ತೊಡೆಯ ಮೇಲೆ ಕಲ್ಲಾಗಿ ಕುಳಿತಿತ್ತು. ಅದು ಎರಡು ಗಳಿಗೆಯ ಮಾತು, ಹೆಚ್ಚಲ್ಲ. ಆದರೆ ಆಕೆಗೆ ಅರ್ಥವಾಯಿತು. ಮುಖದಲ್ಲಿ ಕೋಪವಾಗಲಿ ನೋವಾಗಲಿ ಕಾಣಲಿಲ್ಲ. ಇಂಥವರನ್ನು ಬಹಳ ಕಂಡಿದ್ದಳೇನೋ. ಚೊಂಬನ್ನು ಮೊಮ್ಮಗನ ಕೈಗಿತ್ತಳು. ಅವನು ಗಟಗಟನೆ ಕುಡಿದ. ಆಕೆ ಜಗುಲಿಯ ಮೂಲೆಯಲ್ಲಿದ್ದ ಎರಡು ಎಳನೀರುಗಳಲ್ಲಿ ಒಂದನ್ನು ಎತ್ತಿಕೊಂಡು, ಕತ್ತಿಯನ್ನು ತೊಳೆದು, ಕೆತ್ತಿ, ನಮ್ಮ ಮುಂದಿಟ್ಟಳು. “ಇದರ ಒಳಗಿನ ನೀರಿಗೆ ನಮ್ಮ ಕೈ ತಾಗೂದಿಲ್ಲ ಒಡೆಯಾ, ಕುಡೀರಿ” ಎಂದಳು.

ಕುಡಿದೆವು. ಅಷ್ಟು ಸಿಹಿಯಾದ ನೀರು ಅಷ್ಟು ಕಷ್ಟದಿಂದ ಗಂಟಲಿಳಿದದ್ದು ಇನ್ನೊಮ್ಮೆ ನೆನಪಿಲ್ಲ. ಹಣ ಕೊಡಹೋದರೆ, “ನೀರಿಗೆ ಎಂತ ದುಡ್ಡು?” ಎಂದು ನಕ್ಕಳು. ಬಿಸಿಲಿಳಿಯುವವರೆಗೆ ಅಲ್ಲಿಯೇ ಒರಗಿದ್ದು, ಸಂಜೆ ನಿಧಾನವಾಗಿ ಕುಮಟಾ ತಲುಪಿದೆವು.

ರಾತ್ರಿ ಮೊಮ್ಮಗ ಬಹಳ ಹೊತ್ತು ಮಾತನಾಡಲಿಲ್ಲ. ದೀಪ ಆರಿಸಿದ ಮೇಲೆ ಹೇಳಿದ: “ತಾತ, ಆ ಎಳನೀರು ಒಳಗೆ ಜ್ವರ ಬಂದು ಮಲಗಿದ್ದ ಅವರ ಮಾವನಿಗೆ ಅಂತ ತಂದಿದ್ದಂತೆ. ನೀವು ಕಣ್ಣುಮುಚ್ಚಿದ್ದಾಗ ನಾನು ಒಳಗೆ ಹೋಗಿ ನೋಡಿದೆ.” ಸ್ವಲ್ಪ ತಡೆದು, “ಚೊಂಬಿನ ನೀರು ಚೆನ್ನಾಗೇ ಇತ್ತು” ಎಂದ. ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನಿದ್ದೆ ಬರುತ್ತಿತ್ತೋ ಏನೋ.

ಮೂರನೆಯ ದಿನ ಮಿರ್ಜಾನ ಕೋಟೆ ನೋಡಿದೆವು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೋಟೆ. ಪೋರ್ಚುಗೀಸರು ಆಕೆಯನ್ನು ಕರಿಮೆಣಸಿನ ರಾಣಿಯೆಂದು ಕರೆದರು. ಆಮೇಲೆ ಈ ಕರಾವಳಿ ಕೆಳದಿಯ ಅರಸರ ಕೈಸೇರಿತು. ನಾಲ್ಕನೆಯ ದಿನ ಹೊನ್ನಾವರದ ಶರಾವತಿ ಸೇತುವೆಯನ್ನು ದಾಟಿ, 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಕಾಸರಕೋಡಿನ ಕಡಲತೀರದವರೆಗೆ ಹೋಗಿ ಕುಮಟಾಕ್ಕೆ ಮರಳಿದೆವು. ನೋಡುವುದು ಬೇಕಾದಷ್ಟಿತ್ತು, ನೋಡುವ ಮನಸ್ಸು ಮಾತ್ರ ಹಿಂದೆ ಆ ಜಗುಲಿಯಲ್ಲಿಯೇ ಉಳಿದುಬಿಟ್ಟಿತ್ತು.

ಕುಮಟಾದಲ್ಲಿಯೇ ರೈಲು ಹತ್ತಬಹುದಾಗಿತ್ತು. ಆದರೂ ಐದನೆಯ ದಿನ ಬೆಳಿಗ್ಗೆ, ಬಂದ ದಾರಿಯಲ್ಲಿಯೇ ಮರಳಿ ದೋಣಿ ದಾಟೋಣವೆಂದೆವು. ಮೊಮ್ಮಗ ಏಕೆಂದು ಕೇಳಲಿಲ್ಲ. ಪೇಟೆಯಲ್ಲಿ ನಾಲ್ಕು ಎಳನೀರು ಕೊಂಡು ಕ್ಯಾರಿಯರಿಗೆ ಕಟ್ಟಿದ.

ಆ ಮನೆಯ ಮುಂದೆ ಇಳಿದು, ಐವತ್ತು ವರ್ಷಗಳ ಮೇಲೆ ಮೊದಲ ಬಾರಿಗೆ, “ಅವ್ವಾ, ನೀರು” ಎಂದೆವು. ಆಕೆ ಹೊರಬಂದಳು. ಕೈ ಅಂದಿನಂತೆಯೇ ಒದ್ದೆಯಾಗಿತ್ತು. ಅದೇ ಚೊಂಬು. ಎರಡೂ ಕೈಯಿಂದ ತೆಗೆದುಕೊಂಡು ತಳ ಕಾಣುವವರೆಗೆ ಕುಡಿದೆವು. ಸ್ವಲ್ಪ ಉಪ್ಪಿನ ರುಚಿಯಿದ್ದ ಬಾವಿಯ ನೀರು. ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಬೇಕೆಂದು ತಲೆಯೆತ್ತಿದರೆ, ಆಕೆ ಅಪರಿಚಿತರನ್ನು ನೋಡುವಂತೆ ನೋಡುತ್ತಿದ್ದಳು. “ಎಲ್ಲಿಂದ ಬಂದ್ರಿ ಒಡೆಯಾ?” ಎಂದು ಕೇಳಿದಳು. ನಮ್ಮ ಗುರುತೇ ಆಕೆಗೆ ಸಿಕ್ಕಿರಲಿಲ್ಲ! ನಮಗೆ ನಾಲ್ಕು ದಿನದ ನಿದ್ದೆಗೆಡಿಸಿದ ಸಂಗತಿ ಆಕೆಗೆ ಒಂದು ಮಧ್ಯಾಹ್ನದ ಕೆಲಸಗಳಲ್ಲಿ ಒಂದು. ಕ್ಷಮೆ ಕೇಳುವುದೂ ಒಂದು ಬಗೆಯ ದೊಡ್ಡಸ್ತಿಕೆಯೆಂದು ಆಗ ತೋರಿತು. “ಮಾವನವರ ಜ್ವರ ಹೇಗಿದೆ ತಾಯಿ?” ಎಂದಷ್ಟೇ ಕೇಳಿದೆವು. ಆಗ ಮೊಮ್ಮಗನನ್ನು ನೋಡಿ ಆಕೆಯ ಮುಖ ಅರಳಿತು. “ಓ, ಸೈಕಲ್ ಹುಡುಗ!” ಎಂದಳು. ಜ್ವರ ಬಿಟ್ಟಿತ್ತು. ಎಳನೀರನ್ನು ಅವನ ಕೈಯಿಂದ ತೆಗೆದುಕೊಂಡಳು.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಪೆಡಲಿಲ್ಲದ ಎರಡು ಗಾಲಿಯ ಗಾಡಿಯನ್ನು ರೂಪಿಸಿದಾಗ, ಅದರ ಸವಾರ ನೆಲವನ್ನು ಕಾಲಿನಿಂದ ಒದೆಯುತ್ತಲೇ ಮುಂದೆ ಸಾಗಬೇಕಿತ್ತು. ಆಮೇಲೆ ಎಷ್ಟೇ ಸುಧಾರಣೆಯಾದರೂ ಸೈಕಲ್ಲು ಮನುಷ್ಯನನ್ನು ನೆಲದಿಂದ ಬಹಳ ದೂರ ಒಯ್ಯಲಿಲ್ಲ. ಏರಿನಲ್ಲಿ ಇಳಿಸುತ್ತದೆ, ಬಿಸಿಲಿನಲ್ಲಿ ಬಾಯಾರಿಸುತ್ತದೆ, ಕಂಡವರ ಮನೆಯ ಬಾಗಿಲಿನಲ್ಲಿ ನಿಲ್ಲಿಸುತ್ತದೆ. ಕಾರಿನಲ್ಲಿ ಹೋಗಿದ್ದರೆ ನಾವು ಅಘನಾಶಿನಿಯನ್ನು ನೋಡಿ, ಅದರ ಹೆಸರಿನ ಅರ್ಥವನ್ನು ಹೇಳಿ, ನಾವು ಸಜ್ಜನರೆಂಬ ನಂಬಿಕೆಯನ್ನು ಹಾಗೆಯೇ ಜೋಪಾನವಾಗಿ ಮನೆಗೆ ತರುತ್ತಿದ್ದೆವು.

ಈ ಪ್ರದೇಶವನ್ನು ಸೈಕಲ್ಲಿನಲ್ಲಿ ನೋಡಬಯಸುವ ಕುಟುಂಬಗಳಿಗೆ ಎರಡು ಮಾತು. ಮಾರ್ಚಿಗಿಂತ ಮೊದಲೇ, ಮಾಗಿಯ ದಿನಗಳಲ್ಲಿ ಹೋಗಿ. ಹತ್ತು ಗಂಟೆಯೊಳಗೆ ದಿನದ ದಾರಿಯನ್ನು ಮುಗಿಸಿ. ಒಂದು ಹೆಚ್ಚಿನ ಟ್ಯೂಬು, ಗಾಳಿಪಂಪು ಜೊತೆಗಿರಲಿ. ನೀರನ್ನು ಧಾರಾಳವಾಗಿ ಒಯ್ಯಿರಿ. ಅದು ತೀರಿದರೆ ಅಂಜಬೇಡಿ. ಯಾವ ಮನೆಯ ಮುಂದಾದರೂ ನಿಂತು ಕೇಳಿ; ಕೊಟ್ಟಾಗ ಕೈ ಚಾಚಿ.