ಕೆರೆಮಣ್ಣಿನ ನಾಯಿ

ಶಿಲ್ಪವೆಂದೊಡನೆ ನಮ್ಮ ಜನ ಬೇಲೂರು ಹಳೇಬೀಡುಗಳ ಕಡೆ ಕೈ ತೋರಿಸುತ್ತಾರೆ. ಮಂಡ್ಯದವರು ಅಷ್ಟು ದೂರ ಹೋಗಬೇಕಾದ ಅಗತ್ಯವೇನೂ ಇಲ್ಲ. ಬಸ್ಸು ಹತ್ತಿದರೆ ಬಸರಾಳು ಸಿಗುತ್ತದೆ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯವನ್ನು ಹರಿಹರ ದಣ್ಣಾಯಕ 1234ರಲ್ಲಿ ಕಟ್ಟಿಸಿದ. ಈ ಬೇಸಗೆಯಲ್ಲಿ ಅಕ್ಕನ ಮಗಳೊಡನೆ ನಾನು ಅಲ್ಲಿಗೆ ಮೂರು ಸಲ ಹೋಗಿಬಂದೆ. ಭಕ್ತಿಯಿಂದಲ್ಲ, ಕರಾರಿನ ಪ್ರಕಾರ.

ಕರಾರು ಇದು. ಮಳವಳ್ಳಿಯ ಈ ಹುಡುಗಿ ಪಿ.ಯು.ಸಿ. ಮುಗಿಸಿದ್ದಾಳೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಸೇರಿ ಶಿಲ್ಪ ಕಲಿಯಬೇಕೆಂಬುದು ಅವಳ ಹಂಬಲ. ಭಾವನವರಿಗೆ ಅದು ಸುತರಾಂ ಒಪ್ಪಿಗೆಯಿಲ್ಲ. "ಕಲ್ಲು ಕುಟ್ಟಾಕೆ ಹೆಣ್ಮಗೀನ ಮೈಸೂರಿಗೆ ಕಳಿಸ್ಬೇಕಾ?" ಎನ್ನುತ್ತಾರೆ. ಕೊನೆಗೆ ಅಕ್ಕ ರಾಜಿ ಮಾಡಿಸಿದಳು. ರಜ ಮುಗಿಯುವುದರೊಳಗೆ ಹುಡುಗಿ ಏನಾದರೊಂದನ್ನು ಮಾಡಿ ತೋರಿಸಬೇಕು, ಆಮೇಲೆ ಮಾತು. ಮೇಲ್ವಿಚಾರಣೆ ಸೋದರಮಾವನದು. ಷಟ್ಪದಿಗೆ ಗಣ ಹಾಕುವವನಿಗೆ ಮಣ್ಣು ಕಲಸುವ ಉಸ್ತುವಾರಿ!

ಬಸರಾಳಿನ ಬಳಪದ ಕಲ್ಲು ಮೃದು. ಅದರಲ್ಲಿ ಸರದ ಮಣಿಮಣಿಯನ್ನೂ ಬಿಡಿಸಬಹುದು. ಹುಡುಗಿ ನೋಡಿದಳು, ಪುಸ್ತಕದಲ್ಲಿ ಗೆರೆ ಎಳೆದಳು, ಮೂರನೆಯ ಸಲ ಪುಸ್ತಕ ಮುಚ್ಚಿದಳು. "ಒಡವೇನೇ ಜಾಸ್ತಿ ಆಯ್ತು ಮಾವ, ಮೈ ಕಾಣಿಸ್ತಿಲ್ಲ" ಎಂದಳು. ವಿಮರ್ಶಕರು ಕೇಳಿದರೆ ಸಿಟ್ಟಾದಾರು. ನನಗೇನೋ ಮಾತು ಹಿಡಿಸಿತು.

ಅವಳಿಗೆ ಬೇಕಾದದ್ದು ಸಿಕ್ಕಿದ್ದು ನನ್ನ ಮೇಜಿನ ಮೇಲೆ, ಶಾಸನದ ಪುಸ್ತಕವೊಂದರಲ್ಲಿ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ತಕ್ಕೋಲದ ಯುದ್ಧ 949ರಲ್ಲಿ ನಡೆಯಿತಲ್ಲ, ಆ ಕಾಲದ್ದು. ಗಂಗ ಬೂತುಗನ ಆಳು ಮಣಲೇರ ಕಾಳಿ ಎಂಬ ನಾಯಿಯನ್ನು ಮೆಚ್ಚುಗೆಯಾಗಿ ಕೇಳಿ ಪಡೆದ. ಕಾಳಿ ಬೆಳತೂರ ಬಳಿ ದೊಡ್ಡ ಹಂದಿಯೊಡನೆ ಕಾದಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಭೂಮಿಯನ್ನು ಆಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ! ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿ ಬಹುಕಾಲವಾಯಿತು. ನಾವು ಕನ್ನಡದ ಮೇಷ್ಟ್ರುಗಳು ಅದರ ಅಕ್ಷರ ಓದುತ್ತೇವೆ. ಇವಳು ನಾಯಿಯನ್ನು ನೋಡಿದಳು. "ಇದನ್ನೇ ಮಾಡ್ತೀನಿ" ಎಂದಳು.

ಹೇಳಿದಷ್ಟು ಸುಲಭವಾಗಲಿಲ್ಲ. ಕೆರೆಯ ಮಣ್ಣನ್ನು ನೆನೆಹಾಕಿ, ಬಟ್ಟೆಯಲ್ಲಿ ಸೋಸಿ ಮರಳು ತೆಗೆದು, ಗಾಳಿಗುಳ್ಳೆ ಉಳಿಯದಂತೆ ನಾದುವುದಕ್ಕೇ ಒಂದು ವಾರ ಹಿಡಿಯಿತು. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಬಿರುಕು. ಹಸುಗೂಸಿಗೆ ಹೊದಿಸಿದಂತೆ ಒದ್ದೆ ಗೋಣಿ ಹೊದಿಸಬೇಕು. ರಾತ್ರಿ ಎದ್ದು ನೀರು ಚಿಮುಕಿಸುವ ಪಾಳಿ ನನ್ನದಾಯಿತು. ನಾಯಿ ಎರಡು ಸಲ ಮುಂಗಾಲು ಮುರಿದುಕೊಂಡು ಬಿತ್ತು. ಆಗ ಅವಳಿಗೆ ಹೊಳೆದದ್ದನ್ನು ಯಾವ ಗುರುವೂ ಹೇಳಿರಲಿಲ್ಲ. ಆತಕೂರಿನ ನಾಯಿ ಉಬ್ಬುಶಿಲ್ಪ. ಅದರ ಬೆನ್ನ ಹಿಂದೆ ಇಡೀ ಬಂಡೆ ನಿಂತು ಭಾರ ಹೊರುತ್ತದೆ. ಇವಳ ನಾಯಿ ಬಯಲಲ್ಲಿ ನಿಂತದ್ದು, ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಒಳಗೆ ಕಬ್ಬಿಣದ ತಂತಿ ಕಟ್ಟಿ ಮೇಲೆ ಮಣ್ಣು ಮೆತ್ತಿದಳು. ತಂತಿಯಿರುವುದನ್ನು ಸುಡುವಂತಿಲ್ಲ, ಹಸಿಯಿದ್ದಾಗಲೇ ಅಚ್ಚು ತೆಗೆಯಬೇಕು. ಇನ್ನೊಂದು ತೊಡಕು: ಚಿತ್ರದಲ್ಲಿ ಕಾಣುವುದು ನಾಯಿಯ ಒಂದು ಮಗ್ಗುಲು ಮಾತ್ರ. ಆಚೆಯ ಮಗ್ಗುಲಿಗಾಗಿ ನಮ್ಮ ಬೀದಿಯ ಕಂದುನಾಯಿಗೆ ದಿನಾ ಬನ್ನು ಹಾಕಿ ನಿಲ್ಲಿಸಿಕೊಂಡು, ಅದರ ಪಕ್ಕೆಲುಬು ತಡವಿ ಬಂದು ಮಣ್ಣಿಗೆ ಕೈ ಹಾಕುತ್ತಿದ್ದಳು. ಬೀದಿಯವರು ನಮ್ಮ ಮನೆಯ ವಿಷಯ ಏನೆಂದುಕೊಂಡರೋ!

ಮೇ ಕೊನೆಯಲ್ಲಿ ಭಾವನವರು ಬಂದರು. ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋಗಿ ನಾಯಿಯ ಸುತ್ತ ಒಂದು ಸುತ್ತು ಹಾಕಿದರು, ಕುಕ್ಕರುಗಾಲಲ್ಲಿ ಕೂತರು. ಹುಡುಗಿ ಉಗುರಿನ ಮಣ್ಣು ಕೆರೆಯುತ್ತ ನಿಂತಿದ್ದಳು.

"ಹಂದಿ ಮ್ಯಾಲೆ ಬೀಳೋವಾಗ ನಾಯಿ ಬಾಲವ ಹಿಂಗೆ ಮೇಲಕ್ಕೆ ಎತ್ಕಂಡಿರಕಿಲ್ಲ ಕನವ್ವ" ಎಂದರು. "ನೆಟ್ಟಗೆ ಹಿಂದಕ್ಕೆ ಚಾಚ್ತದೆ."

ಅವಳು ಬೆರಳು ಒದ್ದೆ ಮಾಡಿಕೊಂಡು ಬಾಲವನ್ನು ಇಳಿಸತೊಡಗಿದಳು. ಇವರು ಪಕ್ಕದಲ್ಲೇ ಕೂತು, ಇನ್ನೊಸಿ, ಇನ್ನೊಸಿ ಎನ್ನುತ್ತಿದ್ದರು. ಮೈಸೂರಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಸಂಜೆ ಬಸ್ಸಿಗೆ ಬಿಡಲು ಹೋದಾಗ, ಅರ್ಜಿಗೆ ಕೊನೆಯ ದಿನ ಯಾವತ್ತೆಂದು ಭಾವ ನನ್ನನ್ನು ಕೇಳಿದರು.