ತಂತಿ ಕಡಿದ ಮೇಲಿನ ಮಾತು

ಫೋನು ಸತ್ತ ಊರಿಗಿಂತ ಫೋನು ಬದುಕಿರುವ ಊರುಗಳಲ್ಲೇ ಊಹೆ ಹುಲುಸಾಗಿ ಬೆಳೆಯುತ್ತದೆ. ನ್ಯಾಶ್‌ವಿಲ್ ಪಟ್ಟಣದ ಸುದ್ದಿಯನ್ನು ಓದಿದಾಗಿನಿಂದ ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅದು ಅಮೆರಿಕದ ಟೆನೆಸಿ ರಾಜ್ಯದ ರಾಜಧಾನಿ, ಹಾಡುಗಾರರ ಊರು. ಅಲ್ಲಿಯ ಸೆಕೆಂಡ್ ಅವೆನ್ಯೂ ಎಂಬ ಹಳೆಯ ಬೀದಿಯಲ್ಲಿ ಎಟಿ ಅಂಡ್ ಟಿ ಕಂಪನಿಯ ದೊಡ್ಡದೊಂದು ಟೆಲಿಫೋನ್ ಕಟ್ಟಡವಿದೆ. 2020ರ ಕ್ರಿಸ್‌ಮಸ್ ದಿನ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಅದರ ಹತ್ತಿರ ನಿಂತಿದ್ದ ವಾಹನವೊಂದರಿಂದ ಹೆಣ್ಣುದನಿಯ ಎಚ್ಚರಿಕೆ ಕೇಳಿಬರತೊಡಗಿತು: ಇಲ್ಲಿ ಬಾಂಬಿದೆ, ಎಲ್ಲರೂ ಹೊರಟುಹೋಗಿ. ಜೊತೆಗೆ ಪೆಟುಲಾ ಕ್ಲಾರ್ಕ್ 1964ರಲ್ಲಿ ಹಾಡಿದ ‘ಡೌನ್‌ಟೌನ್’ ಹಾಡು. ಆರು ಮಂದಿ ಪೊಲೀಸರು ಓಡೋಡಿ ಮನೆಮನೆಯ ಬಾಗಿಲು ಬಡಿದು ಮಲಗಿದ್ದವರನ್ನು ಎಬ್ಬಿಸಿ ಹೊರಗೆ ಕಳಿಸಿದರು. ಬೆಳಗಿನ ಆರೂವರೆಯ ಸುಮಾರಿಗೆ ವಾಹನ ಸಿಡಿಯಿತು. 40ಕ್ಕೂ ಹೆಚ್ಚು ಕಟ್ಟಡಗಳು ಜಖಂಗೊಂಡವು, ಕೆಲವರಿಗೆ ಗಾಯಗಳಾದವು. ಸತ್ತವನು ಬಾಂಬ್ ತಂದಿಟ್ಟವನೊಬ್ಬನೇ.

ಸಿಡಿದ ಕೂಡಲೇ ಎಲ್ಲ ಫೋನುಗಳೂ ಸಾಯಲಿಲ್ಲ. ಹೊರಗಿನ ಕರೆಂಟು ಹೋಯಿತು. ಜನರೇಟರುಗಳಿದ್ದವು, ಅವನ್ನು ಬೆಂಕಿ ಮತ್ತು ನೀರು ಕೆಡಿಸಿದವು. ಉಳಿದದ್ದು ಬ್ಯಾಟರಿ. ಅದು ಕೆಲವು ಗಂಟೆ ತಾಳಿತು. ಮಧ್ಯಾಹ್ನದ ಹೊತ್ತಿಗೆ ಅದೂ ಬರಿದಾಗಿ, ಆ ಒಂದು ಕಟ್ಟಡವನ್ನು ನಂಬಿಕೊಂಡಿದ್ದ ಟೆನೆಸಿ, ಕೆಂಟಕಿ, ಅಲಬಾಮ ರಾಜ್ಯಗಳ ಊರುಗಳಲ್ಲಿ ಒಂದೊಂದಾಗಿ ಸಂಪರ್ಕ ಕಡಿಯಿತು. 911 ಎಂಬ ತುರ್ತು ಸಂಖ್ಯೆಗೆ ಹಲವು ಕಡೆ ಕರೆ ಹೋಗದಾಯಿತು. ನ್ಯಾಶ್‌ವಿಲ್ ವಿಮಾನ ನಿಲ್ದಾಣದಿಂದ ಹೊರಡಬೇಕಿದ್ದ ವಿಮಾನಗಳನ್ನು ಕೆಲಹೊತ್ತು ತಡೆಹಿಡಿದರು. ಕೋವಿಡ್ ಕಾಲ, ಮೇಲೆ ಹಬ್ಬದ ದಿನ. ದೂರದ ಮಕ್ಕಳ ದನಿಗಾಗಿ ಕಾಯುತ್ತಿದ್ದ ಮುದುಕರು ಎಷ್ಟಿದ್ದರೋ.

ಬ್ಯಾಟರಿಯ ಈ ಮಾತು ಓದುವಾಗ ನನಗೆ ಮಲೆನಾಡಿನ ಮಳೆಗಾಲ ನೆನಪಾಗುತ್ತದೆ. ಮರ ಬಿದ್ದು ಲೈನು ಹರಿದು ದಿನಗಟ್ಟಲೆ ಕರೆಂಟಿಲ್ಲದೆ ಕೂತಾಗಲೂ, ಮೇಜಿನ ಮೇಲಿನ ಕಪ್ಪು ಫೋನು ಎಷ್ಟೋ ಸಲ ಬದುಕಿರುತ್ತಿತ್ತು. ಅದಕ್ಕೆ ಬೇಕಾದ ಕರೆಂಟು ನಮ್ಮ ಮನೆಯದಲ್ಲ. ಪೇಟೆಯ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ, 48 ವೋಲ್ಟ್, ತಂತಿಯಲ್ಲೇ ಹರಿದು ಬರುತ್ತಿತ್ತು. ಎಕ್ಸ್‌ಚೇಂಜಿನೊಳಗೆ ಆಳೆತ್ತರದ ಸ್ಟ್ಯಾಂಡುಗಳಲ್ಲಿ ಸಾಲಾಗಿ ಜೋಡಿಸಿಟ್ಟ ಆ ಬ್ಯಾಟರಿಗಳನ್ನು ನಾನು ನೋಡಿದ್ದೇನೆ. ಕೋಣೆಯಲ್ಲಿ ಆ್ಯಸಿಡ್ಡಿನ ವಾಸನೆ, ನೀರಿನ ಮಟ್ಟ ನೋಡುತ್ತಾ ಓಡಾಡುವ ಒಬ್ಬ ನೌಕರ. ನಮ್ಮೂರಿನ ಹೆರಿಗೆ ನೋವಿನ ಕರೆ, ಸಾವಿನ ಸುದ್ದಿ ಎಲ್ಲವೂ ಆತನ ಎಚ್ಚರದ ಮೇಲೆ ನಿಂತಿದ್ದವು. ಆತ ಯಾರೆಂದು ಊರಿನಲ್ಲಿ ಯಾರೂ ಕೇಳಿದವರಿಲ್ಲ. ದೂರಸಂಪರ್ಕದ ಬೆನ್ನೆಲುಬು ಯಾವಾಗಲೂ ಇಂಥ ಹೆಸರಿಲ್ಲದ ಕೋಣೆಗಳಲ್ಲೇ ಇರುತ್ತದೆ.

ನ್ಯಾಶ್‌ವಿಲ್‌ನಲ್ಲೂ ಹಾಗೆಯೇ. ಕಂಪನಿಯ ಕೆಲಸಗಾರರು ನೆಲಮಾಳಿಗೆಯಲ್ಲಿ ಮೂರಡಿ ನಿಂತಿದ್ದ ನೀರನ್ನು ಪಂಪು ಮಾಡಿ ತೆಗೆದರು. ಕಟ್ಟಡಕ್ಕೆ ತೂತು ಕೊರೆದು ಹೊರಗಿನಿಂದ ಜನರೇಟರಿನ ಕೇಬಲ್ಲುಗಳನ್ನು ಒಳಗೆ ಎಳೆದರು. ಇದೇ ಹೊತ್ತಿನಲ್ಲಿ ಫೋನು ಚೆನ್ನಾಗಿಯೇ ನಡೆಯುತ್ತಿದ್ದ ಊರುಗಳಲ್ಲಿ ಬೇರೊಂದು ಕೆಲಸ ಶುರುವಾಗಿತ್ತು. ಆಗಷ್ಟೇ ಮುಗಿದಿದ್ದ ಚುನಾವಣೆಯ ಮತಯಂತ್ರಗಳನ್ನು ಪರಿಶೀಲನೆಗೆಂದು ಆ ಕಟ್ಟಡಕ್ಕೆ ತರುವವರಿದ್ದರು, ಸಾಕ್ಷ್ಯ ನಾಶಮಾಡಲು ಬಾಂಬಿಟ್ಟರು ಎಂದರು ಕೆಲವರು. ಅಂಥ ಪರಿಶೀಲನೆಯೇ ಅಲ್ಲಿರಲಿಲ್ಲ. ಆಕಾಶದಿಂದ ಬಂದ ಕ್ಷಿಪಣಿ ಎಂದು ಇನ್ನು ಕೆಲವರು ವಿಡಿಯೊ ಹಂಚಿದರು. 5ಜಿ ಮೇಲಿನ ಸಿಟ್ಟು ಎಂದರು ಮತ್ತೆ ಕೆಲವರು.

ಎಫ್‌ಬಿಐ ತನ್ನ ತೀರ್ಮಾನ ಹೇಳಿದ್ದು 2021ರ ಮಾರ್ಚಿನಲ್ಲಿ. ಬಾಂಬಿಟ್ಟ 63 ವರ್ಷದ ಆ ವ್ಯಕ್ತಿ ಒಬ್ಬನೇ ಮಾಡಿದ ಕೆಲಸ ಅದು; ಭಯೋತ್ಪಾದನೆಯಲ್ಲ; ತನ್ನ ಪ್ರಾಣ ಕಳೆದುಕೊಳ್ಳುವುದು ಅವನ ಉದ್ದೇಶವಾಗಿತ್ತು. ಅವನನ್ನು ಅಲ್ಲಿಗೆ ತಳ್ಳಿದ ಕಾರಣಗಳ ಪಟ್ಟಿಯಲ್ಲಿ ಕಡಿದುಹೋದ ಸಂಬಂಧಗಳ ಜೊತೆಗೆ, ವಿಚಿತ್ರವಾದ ಪಿತೂರಿ ಸಿದ್ಧಾಂತಗಳಿಂದ ಅವನು ವರ್ಷಾನುಗಟ್ಟಲೆ ಕಟ್ಟಿಕೊಂಡ ನಂಬಿಕೆಗಳೂ ಇದ್ದವು. ಇದನ್ನು ಓದಿದಾಗ ನನ್ನ ಎದೆ ಭಾರವಾಯಿತು. ಆಧಾರವಿಲ್ಲದ ಮಾತುಗಳನ್ನು ಉಂಡು ಬೆಳೆದ ಒಂಟಿತನ ಆ ವಾಹನದಲ್ಲಿ ಕೂತಿತ್ತು. ಅದು ಸಿಡಿದ ಮೇಲೆ ಲೋಕ ಮತ್ತಷ್ಟು ಅಂಥವೇ ಮಾತುಗಳನ್ನು ಬಿತ್ತಿತು. ಅವನ್ನು ಇನ್ನೆಲ್ಲಿಯೋ ಇನ್ಯಾವ ಒಂಟಿ ಮನುಷ್ಯ ಓದುತ್ತಾ ಕೂತಿದ್ದನೋ ಎಂದು ನೆನೆದರೆ ಹೆದರಿಕೆಯಾಗುತ್ತದೆ.

ಹೆದರಿಕೆಗೆ ಕಾರಣವಿದೆ. 2020ರದೇ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ 5ಜಿಯಿಂದಲೇ ಕೊರೊನಾ ಹರಡುತ್ತದೆಂಬ ಗಾಳಿಸುದ್ದಿಯನ್ನು ನಂಬಿ ಜನ ಮೊಬೈಲ್ ಟವರುಗಳಿಗೆ ಬೆಂಕಿಯಿಟ್ಟರು. ಬೆಂದ ಟವರುಗಳಲ್ಲಿ ಎಷ್ಟೋ 5ಜಿಯವೇ ಅಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಕೋವಿಡ್ ರೋಗಿಗಳಿಗೆಂದು ಎಬ್ಬಿಸಿದ ನೈಟಿಂಗೇಲ್ ಆಸ್ಪತ್ರೆಗೆ ಸಂಪರ್ಕ ಕೊಡುತ್ತಿದ್ದ ಟವರಿಗೂ ಬೆಂಕಿ ಬಿತ್ತು. ಹಾಸಿಗೆಯ ಬಳಿಗೆ ಮನೆಯವರನ್ನು ಬಿಡದಿದ್ದ ದಿನಗಳವು. ಫೋನಿನ ಪರದೆಯೊಂದೇ ಮುಖ ತೋರಿಸುವ ಕಿಟಕಿಯಾಗಿತ್ತು. ರಸ್ತೆಬದಿಯಲ್ಲಿ ಕೇಬಲ್ ಎಳೆಯುತ್ತಿದ್ದ ಕೆಲಸಗಾರರನ್ನು ದಾರಿಹೋಕರು ನಿಲ್ಲಿಸಿ ಬೈದರು. ದಾಳಿಯಾದ ಮೇಲೆ ಊಹೆ ಹುಟ್ಟುವುದು ಲೋಕಕ್ಕೆ ಹಳತು. ಇಲ್ಲಿ ಊಹೆ ಮೊದಲು ಹುಟ್ಟಿ, ಅದರ ಬೆನ್ನಿಗೆ ದಾಳಿ ನಡೆದಿತ್ತು.

ಊಹಿಸುವವರನ್ನೆಲ್ಲ ಮೂಢರೆಂದು ತಳ್ಳಿಹಾಕಲು ಮಾತ್ರ ನನಗೆ ಮನಸ್ಸಿಲ್ಲ. ಹೆದರಿದ ಮನಸ್ಸು ಕಾರಣ ಹುಡುಕುತ್ತದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ಎಂಬ ಯುದ್ಧನೌಕೆ ಮದರಾಸಿನ ತೀರಕ್ಕೆ ಬಂದು ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ, ಅರ್ಧ ಗಂಟೆಯೊಳಗೆ ಕತ್ತಲಲ್ಲಿ ಮಾಯವಾಯಿತು. ಆಮೇಲೆ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಬೆಂಗಳೂರೂ ಇಂಥದನ್ನು ಕಂಡಿದೆ. 2012ರ ಆಗಸ್ಟ್‌ನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದ ಗಾಳಿಸುದ್ದಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೇಂದ್ರ ಸರ್ಕಾರ ಕೆಲದಿನ ಮಿತಿ ಹೇರಬೇಕಾಯಿತು. ಪ್ಲಾಟ್‌ಫಾರ್ಮಿನಲ್ಲಿ ಚೀಲ ತಬ್ಬಿಕೊಂಡು ನಿಂತಿದ್ದ ಆ ಹುಡುಗ ಹುಡುಗಿಯರ ಭಯ ನಿಜವಾಗಿತ್ತು. ಅವರನ್ನು ಅಲ್ಲಿಗೆ ಅಟ್ಟಿದ ಸುದ್ದಿ ಸುಳ್ಳಾಗಿತ್ತು.

ಎಮ್ಡನ್‌ನ ಕಥೆ ಮದರಾಸಿಗೆ ಮುಗಿಯಲಿಲ್ಲ. 1914ರದೇ ನವೆಂಬರ್ 9ರಂದು ಅದು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಿಗೆ ಹೋಯಿತು. ಅಲ್ಲಿಯ ಡೈರೆಕ್ಷನ್ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ ಸಮುದ್ರದಡಿಯ ತಂತಿಗಳು ಕೂಡುವ ಠಾಣೆಯಿತ್ತು. ಜರ್ಮನ್ನರು ಇಳಿದು ಕೇಬಲ್ ಕಡಿದರು, ವೈರ್‌ಲೆಸ್ ಕಂಬ ಉರುಳಿಸಿದರು. ಕಂಬ ನಮ್ಮ ಟೆನಿಸ್ ಅಂಗಳದ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ ಎಂದು ಠಾಣೆಯವರು ಕೇಳಿಕೊಂಡರಂತೆ, ಬಂದವರು ನಡೆಸಿಕೊಟ್ಟರಂತೆ. ನನಗೆ ಇದಕ್ಕಿಂತ ಪ್ರಿಯವಾದ ಸಂಗತಿ ಅದರ ಹಿಂದಿನ ಕೆಲವು ನಿಮಿಷಗಳದು. ತಂತಿ ಕಡಿಯುವ ಮೊದಲೇ ಠಾಣೆಯ ನೌಕರರು, ಬಂದರಿನ ಬಾಯಲ್ಲಿ ಅಪರಿಚಿತ ಹಡಗೊಂದು ನಿಂತಿದೆ ಎಂದು ಸುದ್ದಿ ಕಳಿಸಿಬಿಟ್ಟಿದ್ದರು. ಕಂಡದ್ದು ಅಷ್ಟು, ಹೇಳಿದ್ದು ಅಷ್ಟು. ಆಸ್ಟ್ರೇಲಿಯದ ಸಿಡ್ನಿ ಎಂಬ ಯುದ್ಧನೌಕೆ ಆ ಸುದ್ದಿ ಹಿಡಿದು ಬಂದು ಎಮ್ಡನ್‌ನ ಕಥೆ ಮುಗಿಸಿತು. ದಾಳಿಯ ನಡುವೆ ನಿಂತವರ ಬಾಯಿಂದ ಲೋಕಕ್ಕೆ ಬೇಕಾದ ಮಾತು ಅದೇ: ನಾನು ಏನು ಕಂಡೆ, ಎಲ್ಲಿ ಕಂಡೆ.

ದೂರದಲ್ಲಿರುವ ನಮಗೆ ಕಂಡದ್ದೇನೂ ಇರುವುದಿಲ್ಲ. ಆದ್ದರಿಂದ ಯಾರು, ಯಾಕೆ ಎಂಬ ಎರಡು ಪ್ರಶ್ನೆಗಳ ಸುತ್ತಲೇ ಗಿರಕಿ ಹೊಡೆಯುತ್ತೇವೆ. 2008ರ ಜನವರಿ ಕೊನೆಯಲ್ಲಿ ಅಲೆಕ್ಸಾಂಡ್ರಿಯದ ಬಳಿ ಎರಡು ಸಮುದ್ರ ಕೇಬಲ್ಲುಗಳು ತುಂಡಾಗಿ, ಎರಡು ದಿನದಲ್ಲಿ ದುಬೈ ಬಳಿ ಮತ್ತೊಂದು ಹೋದಾಗ, ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಇಂಟರ್ನೆಟ್ಟು ತೆವಳತೊಡಗಿತು. ಇರಾನಿನ ಮೇಲೆ ಯುದ್ಧ ಹೂಡುವ ಮುನ್ಸೂಚನೆಯಿದು ಎಂಬ ಮಾತು ಲೋಕದ ತುಂಬ ಹರಡಿತು. ಕೊನೆಗೆ ದುಬೈ ಬಳಿಯ ಕೇಬಲ್ಲಿನ ಪಕ್ಕದಲ್ಲಿ ಸಿಕ್ಕಿದ್ದು ಯಾವುದೋ ಹಡಗು ಬಿಟ್ಟುಹೋದ, ಟನ್ನುಗಟ್ಟಲೆ ತೂಕದ ಲಂಗರು. ಲೋಕದ ಸಮುದ್ರ ಕೇಬಲ್ಲುಗಳು ವರ್ಷಕ್ಕೆ 150ರಿಂದ 200 ಸಲ ಕೆಡುತ್ತವೆ. ಹೆಚ್ಚಿನವು ಮೀನಿನ ಬಲೆಗೆ, ಲಂಗರಿಗೆ ಸಿಕ್ಕಿ ಹಾಳಾಗುವಂಥವು.

ಹಾಗೆಂದು ಪ್ರತಿಯೊಂದೂ ಲಂಗರಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ಸುತ್ತಮುತ್ತ ಕನ್ನಡಿಗರು ಬಹಳ. ಅದರ ಅಂಚಿನಲ್ಲಿ ಮೆಟ್‌ಕಾಫ್ ಎಂಬ ವಿದ್ಯುತ್ ಉಪಕೇಂದ್ರವಿದೆ. 2013ರ ಏಪ್ರಿಲ್ 16ರ ನಡುರಾತ್ರಿ ಕಳೆದ ಮೇಲೆ ಯಾರೋ ಮೊದಲು ನೆಲದಡಿಯ ಫೈಬರ್ ಕೇಬಲ್ಲುಗಳನ್ನು ಕಡಿದರು. ಆ ಭಾಗದ ಫೋನು ನಿಂತಮೇಲೆ ಕೋವಿಯಿಂದ ಗುಂಡಿನ ಮಳೆಗರೆದು 17 ಟ್ರಾನ್ಸ್‌ಫಾರ್ಮರುಗಳನ್ನು ಕೆಡಿಸಿದರು. ಹಿಂದಿನ ದಿನವಷ್ಟೇ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದಿದ್ದರಿಂದ ಎರಡನ್ನೂ ಕೂಡಿಸಿ ನೋಡುವ ಆಸೆ ಯಾರಿಗಾದರೂ ಬರುವಂಥದೇ. ಒಳಗಿನವರ ಕೈವಾಡ ಎಂಬ ಮಾತೂ ಬಂತು. ಇಷ್ಟು ವರ್ಷವಾದರೂ ಯಾರನ್ನೂ ಬಂಧಿಸಿಲ್ಲ. ಆದರೆ ಯಾರು ಎಂಬುದು ತಿಳಿಯದಿದ್ದರೂ, ಬೇಲಿ ಇಷ್ಟು ತೆಳುವಾಗಿತ್ತೇಕೆ ಎಂಬ ಪ್ರಶ್ನೆಗೆ ಅಮೆರಿಕದವರು ಉತ್ತರ ಹುಡುಕಿಕೊಂಡರು. ಮರುವರ್ಷವೇ ದೊಡ್ಡ ಉಪಕೇಂದ್ರಗಳ ಕಾವಲಿಗೆ ಕಡ್ಡಾಯ ನಿಯಮ ಬಂತು.

ಹೀಗೆ ಕಣ್ಣೆದುರಿಗೇ ಬಿದ್ದಿರುವ, ಆದರೆ ಯಾರ ಕುತೂಹಲವನ್ನೂ ಕೆರಳಿಸದ ಪ್ರಶ್ನೆಗಳ ಕಡೆಗೆ ನಮ್ಮ ಊಹೆಯ ಶಕ್ತಿ ಹರಿಯಲಿ ಎಂಬುದು ನನ್ನ ಆಸೆ. ನ್ಯಾಶ್‌ವಿಲ್‌ನಲ್ಲಿ ಕೇಳಬೇಕಿದ್ದದ್ದು ಆಕಾಶದ ಕ್ಷಿಪಣಿಯ ಬಗ್ಗೆ ಅಲ್ಲ. ಮೂರು ರಾಜ್ಯಗಳ ಭಾರ ಒಂದೇ ಬೀದಿಯ ಒಂದೇ ಕಟ್ಟಡದ ಮೇಲೆ ಬಿದ್ದದ್ದು ಹೇಗೆ? ತುರ್ತು ಕರೆಗೆ ಎರಡನೆಯ ದಾರಿ ಇರಲಿಲ್ಲವೇಕೆ? ನಮ್ಮೂರಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಇಂದು ದುಡ್ಡು, ಔಷಧಿ, ಪಡಿತರ ಎಲ್ಲವೂ ನೆಟ್‌ವರ್ಕಿನ ಮೇಲೆ ನಿಂತಿರುವಾಗ, ನಮ್ಮ ಟವರಿನ ಬ್ಯಾಟರಿ ಎಷ್ಟು ಗಂಟೆ ತಾಳುತ್ತದೆ, ಕರೆಂಟು ಹೋದಾಗ 112ಕ್ಕೆ ಕರೆ ಹೋಗುತ್ತದೆಯೇ, ಒಂಟಿಯಾಗಿರುವ ಅಜ್ಜಿಯ ಮನೆಗೆ ಆಗ ಯಾರು ಹೋಗುತ್ತಾರೆ? ಗ್ರಾಮಸಭೆಯಲ್ಲಿ, ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆಗಳಿವು. ತಪ್ಪಿತಸ್ಥನನ್ನು ಹಿಡಿಯುವುದು ಪೊಲೀಸರ ಕೆಲಸ, ಅದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ಅವನು ಸಿಗುವುದೂ ಇಲ್ಲ. ಈ ಪ್ರಶ್ನೆಗಳಿಗೆ ಕಾಯಬೇಕಾದ್ದೇನೂ ಇಲ್ಲ. ಉತ್ತರ ಪಡೆಯುವ ಹಕ್ಕು ನಮಗೆ ಇವತ್ತೇ ಇದೆ.